ಕೂತ ಹೆಣಕ್ಕೆ ನಕ್ಕ ದೊಡ್ಡವ್ವ

ಸಾವನ್ನಿಟ್ಟುಕೊಂಡು ನಗಿಸುವ ಸಿನಿಮಾ ಎಂದರೆ ನನಗೆ ಪ್ರಾಣ. ಹೆಣದ ಮುಂದೆ ಹಲ್ಲು ಕಿಸಿಯುವುದೇ ಎಂದು ಮೂಗು ಮುರಿಯುವವರು ಮುರಿಯಲಿ. ಎಲ್ಲಿ ನಗಬಹುದು, ಎಲ್ಲಿ ನಗಬಾರದು ಎಂಬುದನ್ನು ನಾನು ಪುಸ್ತಕ ಓದಿ ಕಲಿತವಳಲ್ಲ. ಗದಗಿನ ಟಾಕೀಸಿನಲ್ಲಿ ಶಿರಹಟ್ಟಿಯ ದೊಡ್ಡವ್ವನ ಪಕ್ಕ ಕುಳಿತು ಕಲಿತವಳು.

ಎಪ್ಪತ್ತರ ದಶಕದ ಕೊನೆ. ದೊಡ್ಡಪ್ಪ ತೀರಿಕೊಂಡು ವರ್ಷವಾಗಿತ್ತು. ಓಣಿಗೆಲ್ಲ ಕೇಳುವ ಹಾಗೆ ನಗುತ್ತಿದ್ದ ದೊಡ್ಡವ್ವ ಅಂದಿನಿಂದ ಒಮ್ಮೆಯೂ ನಕ್ಕಿರಲಿಲ್ಲ. ಕಣ್ಣು ತೋರಿಸಲು ಬೆಟಗೇರಿಯ ನಮ್ಮ ಮನೆಗೆ ಬಂದಾಗ, ಇವಳನ್ನು ನಗಿಸಿಯೇ ಕಳಿಸುವುದು ಎಂದು ಹಟ ತೊಟ್ಟೆ. ಊರಿಗೆ ಹೊರಡುವ ದಿನ, ಪೋಸ್ಟರಿನಲ್ಲಿ ಎಲ್ಲರೂ ಹಲ್ಲು ಬಿಟ್ಟುಕೊಂಡಿದ್ದ ಒಂದು ಸಿನಿಮಾದ ಮ್ಯಾಟಿನಿಗೆ ಕರೆದುಕೊಂಡು ಹೋದೆ.

ಶುರುವಾದ ಸ್ವಲ್ಪ ಹೊತ್ತಿಗೇ ನನ್ನ ಜೀವ ಬಾಯಿಗೆ ಬಂತು. ಮದುವೆ ಮನೆಯಲ್ಲಿ ಯಜಮಾನ ಸಾಯುತ್ತಾನೆ. ಮದುವೆ ನಿಲ್ಲಬಾರದೆಂದು ತಮ್ಮಂದಿರು ಅವನಿಗೆ ಕಪ್ಪು ಕನ್ನಡಕ ಹಾಕಿ, ರುಮಾಲು ಸುತ್ತಿ, ಕುರ್ಚಿಯಲ್ಲಿ ಕೂರಿಸುತ್ತಾರೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂರಿಸುತ್ತೇವೆ, ಕೂತಂತೆಯೇ ಮಣ್ಣು ಮಾಡುತ್ತೇವೆ. ದೊಡ್ಡಪ್ಪನನ್ನೂ ಹಾಗೇ ಕೂರಿಸಿದ್ದರು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ ಎಂದುಕೊಂಡು, "ಏಳ ದೊಡ್ಡವ್ವಾ, ಮನಿಗಿ ಹೋಗೂಣು" ಅಂದೆ.

ಅವಳು ನನ್ನ ಕೈ ಒತ್ತಿ ಹಿಡಿದು ಕೂರಿಸಿದಳು. ಪರದೆಯ ಮೇಲೆ ಹೆಣದ ರುಮಾಲು ಜಾರಿ ಮೂಗಿಗೆ ಬಂದಿತ್ತು. ದೊಡ್ಡವ್ವ ಮೊದಲು ಸೆರಗು ಬಾಯಿಗೆ ತುರುಕಿಕೊಂಡಳು. ಆಮೇಲೆ ಅದನ್ನೂ ತೆಗೆದು ತನ್ನ ಹಳೆಯ ನಗು ನಕ್ಕಳು. ಮುಂದಿನ ಸಾಲಿನವರು ತಿರುಗಿ ನೋಡಿದರು, ನೋಡಿಕೊಳ್ಳಲಿ.

"ನಿಮ್ಮ ದೊಡ್ಡಪ್ಪಂದೂ ಹಿಂಗ ಜಾರಿತ್ತಲೇ," ಅಂದಳು. "ಭಜನಿಯವರು ಎಷ್ಟ ಸಲ ಸರಿ ಮಾಡಿದ್ರೂ ಮತ್ತ ಮೂಗಿನ ಮ್ಯಾಲೆ. ಬದುಕಿದ್ದಾಗೂ ಅವರ ರುಮಾಲ ಒಂದಿನ ನೆಟ್ಟಗ ಕುಂತಿದ್ದಿಲ್ಲ. ಅವತ್ತ ನಗಿ ತಡಕೊಂಡು ತಡಕೊಂಡು ನನಗ ಸಾಕಾಗಿತ್ತು. ಮಂದಿ ಏನಂದಾರು."

ವರ್ಷದಿಂದ ನುಂಗಿಕೊಂಡಿದ್ದ ನಗು ಅದು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಇಂಥ ಸಿನಿಮಾಗಳು ಇರಬೇಕಾದ್ದೇ ಇದಕ್ಕೆ.

ಮುಂದಿನ ದೃಶ್ಯದಲ್ಲಿ, ಗಂಡ ಸತ್ತದ್ದು ಗೊತ್ತಿಲ್ಲದ ಹೆಂಡತಿ ತಾಟಿನಲ್ಲಿ ಹೋಳಿಗೆ ತರುತ್ತಾಳೆ. ಯಾಕೆ ಮುನಿಸಿಕೊಂಡಿದ್ದೀರಿ ಎಂದು ಅವನ ಬಾಯಿಗೆ ತುತ್ತು ಇಡುತ್ತಾಳೆ. ಹಿಂದೆ ನಿಂತ ತಮ್ಮಂದಿರು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಾರೆ. ಟಾಕೀಸಿನ ತುಂಬ ಸಿಳ್ಳೆ. ದೊಡ್ಡವ್ವನ ನಗು ನಿಂತುಹೋಯಿತು. ಎದ್ದು, ಸೆರಗು ಹೊದ್ದು, ಹೊರಗೆ ನಡೆದೇಬಿಟ್ಟಳು.

ಬಿಸಿಲಿನಲ್ಲಿ ಅವಳನ್ನು ಹಿಡಿದು ಕೇಳಿದೆ, "ಹೆಣಕ್ಕ ನಕ್ಕಾಕಿ, ಇದಕ್ಕ್ಯಾಕ ಎದ್ದಿ?"

"ಸತ್ತಾಂವಗ ನಕ್ಕರ ಅಂವಗೇನ ಆಗೂದೈತಿ?" ಅಂದಳು. "ಆಕಿಗಿ ಇನ್ನಾ ಖಬರ ಇಲ್ಲ. ಖಬರ ಇದ್ದವರೆಲ್ಲಾ ಕೂಡಿ ಆಕಿಗಿ ನಗಾಕತ್ತಾರ."

ಆಮೇಲೆ ಎಷ್ಟೋ ಸಿನಿಮಾ ನೋಡಿದ್ದೇನೆ. ಈ ಮಾತಿಗಿಂತ ನೆಟ್ಟಗಿನ ಅಳತೆ ನನಗೆ ಸಿಕ್ಕಿಲ್ಲ.

ಅಲ್ಲಿಂದ ಬಸ್ ಸ್ಟ್ಯಾಂಡಿಗೆ ನಡೆದೆವು. ಶಿರಹಟ್ಟಿ ಬಸ್ಸಿನಲ್ಲಿ ಕೂತ ಮೇಲೆ ಕಿಟಕಿಯಿಂದ ನನ್ನನ್ನು ಹತ್ತಿರ ಕರೆದಳು.

"ನಿಮ್ಮ ದೊಡ್ಡಪ್ಪ ಮುಂಡರಗಿ ಸಂತ್ಯಾಗ ಬಿದ್ದು ಸತ್ತಿದ್ದು ಓಣಿಗೆಲ್ಲಾ ನನಗಿಂತ ಮೊದಲ ಗೊತ್ತಾಗಿತ್ತು. ಮಗ್ಗಲ ಮನಿಯಾಕಿ ಉಪ್ಪ ಕೇಳೂ ನೆವ ಮಾಡಿ ನನ್ನ ಮಾರಿ ನೋಡಿ ಹೋದ್ಲು. ನಿಮ್ಮ ದೊಡ್ಡಪ್ಪ ಸಂತಿಯಿಂದ ಹಸದ ಬರ್ತಾರಂತ ನಾ ಅವರಿಗಿ ಬಿಸಿ ರೊಟ್ಟಿ ಬಡ್ಯಾಕತ್ತಿದ್ದೆ."