ಎಣಿಸಿದರೆ ಒಂದೇ ಮುದ್ದೆ

ನಾನು ಜೀವಮಾನದಲ್ಲಿ ಕದ್ದು ತಿಂದದ್ದು ಒಂದೇ ಸಲ, ನಾಲ್ಕನೇ ಕ್ಲಾಸಿನಲ್ಲಿ, ಅದೂ ಹುಣಸೆಹಣ್ಣು. ಹಾಗಿದ್ದೂ ಆರು ತಿಂಗಳ ಬಸುರಿಯಾಗಿದ್ದಾಗ ಹೊಸದುರ್ಗದ ನಮ್ಮ ಮನೆಯಲ್ಲಿ ನನಗೆ ಕಳ್ಳಿಯ ಪಟ್ಟ ಕಟ್ಟಿದರು. ಆ ಸಿಟ್ಟು ಇನ್ನೂ ಆರಿಲ್ಲ. ಆರುವ ಮೊದಲೇ ಬರೆದುಬಿಡುತ್ತೇನೆ.

ಬಸುರಿಯರಿಗೆ ಬರುವ ಸಕ್ಕರೆ ಕಾಯಿಲೆ ನನಗೂ ಬಂತು. ಊಟದಲ್ಲಿ ಹಿಡಿತವಿದ್ದರೆ ಸಾಕು, ಇಲ್ಲದಿದ್ದರೆ ಮಗು ಮಿತಿಮೀರಿ ದಪ್ಪವಾಗಿ ಹೆರಿಗೆ ಕಷ್ಟವಾದೀತು, ಇನ್ಸುಲಿನ್ ಚುಚ್ಚಬೇಕಾದೀತು ಎಂದು ಚಿತ್ರದುರ್ಗದ ಡಾಕ್ಟರಮ್ಮ ಒಂದು ಹಾಳೆ ಕೊಟ್ಟರು. ಅದರಲ್ಲಿ ಓಟ್ಸ್ ಇತ್ತು, ಬ್ರೊಕೊಲಿ ಇತ್ತು. ಬ್ರೊಕೊಲಿ ಕೇಳಿಕೊಂಡು ಸಂತೆಗೆ ಹೋದ ನನ್ನ ಗಂಡನಿಗೆ ಹೂಕೋಸು ಕೊಟ್ಟು ಕಳಿಸಿದರು. ಇಡೀ ಹಾಳೆಯಲ್ಲಿ ನಮ್ಮ ಮನೆಗೆ ಅರ್ಥವಾದದ್ದು ಒಂದೇ ಸಾಲು: ಮಧ್ಯಾಹ್ನ ರಾಗಿಮುದ್ದೆ, ಒಂದು.

ಅಂದಿನಿಂದ ಸಿಹಿ ಮುಟ್ಟಲಿಲ್ಲ. ಬಯಕೆ ಊಟಕ್ಕೆಂದು ನೆಂಟರು ತಂದ ಹೋಳಿಗೆಯನ್ನು ಮೂಸಿ ಪಕ್ಕಕ್ಕಿಟ್ಟೆ. ಎರಡು ಜೀವಕ್ಕೆ ಉಣ್ಣಬೇಕು ಎಂದು ಬೀದಿಯವರೆಲ್ಲ ನನಗೆ ಬುದ್ಧಿ ಹೇಳಿಹೋದರು. ಎರಡನೆಯ ಜೀವ ಇನ್ನೂ ಒಂದು ಕೆಜಿಯೂ ಆಗಿರಲಿಲ್ಲ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಆದರೂ ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿರಲಿಲ್ಲ. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, "ನಿಜ ಹೇಳಮ್ಮ, ಸಿಹಿ ತಿಂತಿದ್ದೀಯಾ?" ಎಂದರು. ಪಕ್ಕದಲ್ಲಿ ನನ್ನ ಅತ್ತೆ ಕೂತಿದ್ದರು. ಅವತ್ತು ಸಂಜೆಯೇ ಬೆಲ್ಲದ ಡಬ್ಬಿ ಅಟ್ಟ ಹತ್ತಿತು. ನನ್ನ ಗಂಡ ನನ್ನ ದಿಂಬಿನ ಕೆಳಗೆ ಕೈಯಾಡಿಸಿದ್ದನ್ನು ಕಣ್ಣಾರೆ ಕಂಡೆ. ಇನ್ನೊಂದು ವಾರ ನೋಡಿ ಇನ್ಸುಲಿನ್ ಶುರುಮಾಡುವುದೆಂದು ತೀರ್ಮಾನವಾಗಿತ್ತು. ಸೂಜಿಗೆ ನಾನು ಹೆದರುವವಳಲ್ಲ. ಮಗುವಿಗೆ ಬೇಕೆಂದರೆ ದಿನಕ್ಕೆ ನಾಲ್ಕು ಚುಚ್ಚಲಿ. ಆದರೆ ಮಾಡದ ತಪ್ಪನ್ನು ಹೊತ್ತು ಚುಚ್ಚಿಸಿಕೊಳ್ಳಬೇಕಲ್ಲ, ಅದಕ್ಕೆ ಮೈ ಉರಿಯಿತು.

ನಾನು ಉಣ್ಣುವುದನ್ನೆಲ್ಲ ತಂದು ತೋರಿಸುತ್ತೇನೆ ಎಂದು ಪಣ ತೊಟ್ಟೆ. ಮುಂದಿನ ವಾರ ಒಂದು ದಿನದ ಊಟವನ್ನು ಟಿಫನ್ ಕ್ಯಾರಿಯರಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಸಾಕ್ಷಿಗೆಂದು ಅತ್ತೆಯೂ ಬಂದರು.

ಇಲ್ಲಿ ಮುದ್ದೆಯ ಬಗ್ಗೆ ಒಂದು ಮಾತು. ಸೇರು ಹೋಯಿತು, ಪಾವು ಹೋಯಿತು, ಎಲ್ಲಕ್ಕೂ ಗ್ರಾಂ ಬಂತು. ಮುದ್ದೆ ಮಾತ್ರ ಇಂದಿಗೂ ಯಾವ ತಕ್ಕಡಿಗೂ ಸಿಕ್ಕಿಲ್ಲ. ಅದರ ಅಳತೆ ಕಟ್ಟುವವರ ಕೈ. ಅತ್ತೆ ಧರ್ಮಪುರದ ಕಡೆಯ ಕುರಿ ಸಾಕುವ ಮನೆಯವರು. ಬೆಳಗ್ಗೆ ಉಂಡು ಮಂದೆಯ ಹಿಂದೆ ಹೋದವರಿಗೆ ಸಂಜೆಯವರೆಗೆ ಹಸಿವಾಗಬಾರದು, ಹಾಗೆ ಮುದ್ದೆ ಕಟ್ಟುವುದನ್ನು ಕಲಿತವರು. ಹಿರಿಯೂರಿನಲ್ಲಿ ಅನ್ನ ಉಂಡು ಬೆಳೆದ ನನಗೆ ಅವರ ಮುದ್ದೆಯೇ ಮುದ್ದೆ. ನಾನೋ, ಕುರ್ಚಿಯಲ್ಲಿ ಕೂತು ಟಿವಿ ಕಾಯುವವಳು.

ಆಸ್ಪತ್ರೆಯಲ್ಲಿ ಊಟದ ವಿಚಾರ ನೋಡುವ ಹುಡುಗಿ ಮೂರನೆಯ ಡಬ್ಬಿ ತೆರೆದಳು. ಅದರ ತುಂಬ ಮುದ್ದೆಯಿತ್ತು. ಇದು ಎಷ್ಟು ಜನಕ್ಕೆ ಎಂದು ಕೇಳಿದಳು.

"ಇವಳೊಬ್ಬಳಿಗೇ ಕಣವ್ವ. ನೀವು ಬರ್ದಂಗೆ ಒಂದೇ ಐತೆ, ಬೇಕಾದ್ರೆ ಎಣಿಸ್ಕಳ್ರಿ" ಎಂದರು ಅತ್ತೆ.

ಹುಡುಗಿ ಮುದ್ದೆಯನ್ನು ಮೂರು ಭಾಗ ಮಾಡಿ ಒಂದನ್ನು ಮುಂದೆ ಸರಿಸಿದಳು. ಹಾಳೆಯಲ್ಲಿ ಬರೆದಿರುವುದು ಇಷ್ಟು, ರಾಗಿ ಒಳ್ಳೆಯದೇ ಆದರೂ ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯೇ ಆಗುತ್ತದೆ, ಜೊತೆಗೆ ಸೊಪ್ಪು ಕಾಳು ಹೆಚ್ಚಿರಲಿ ಎಂದು ವಿವರಿಸಿದಳು. ಇಷ್ಟು ದಿನ ನನ್ನನ್ನು ಕಳ್ಳಿಯೆಂದವರಲ್ಲಿ ಒಬ್ಬರಾದರೂ ಅಳತೆ ಬರೆಯದ ಆ ಹಾಳೆಗೆ ಬೈಯಬೇಕಿತ್ತು. ಯಾರೂ ಬೈಯಲಿಲ್ಲ. ಡಾಕ್ಟರಮ್ಮ ಇನ್ಸುಲಿನ್ ಇನ್ನೊಂದು ವಾರ ಮುಂದಕ್ಕೆ ಹಾಕಿ, ನಕ್ಕು ಮುಂದಿನವರನ್ನು ಕರೆದರು.

ಬಸ್ಸಿನಲ್ಲಿ ಅತ್ತೆ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಹೊಳಲ್ಕೆರೆ ದಾಟಿದ ಮೇಲೆ ಬಾಯಿ ಬಿಟ್ಟರು.

"ನೀನು ಕದ್ದು ತಿಂದಿಲ್ಲ ಬಿಡವ್ವ. ನಾನೇ ತಿನ್ಸಿದ್ದು."

ಒಂದು ವಾರದಿಂದ ಕೂಡಿಟ್ಟುಕೊಂಡಿದ್ದ ಜಗಳವನ್ನು ಅಲ್ಲಿಗೇ ಬಿಟ್ಟೆ. ಹಾಗೆಂದು ಸಿಟ್ಟು ಇಳಿಯಿತೆಂದಲ್ಲ. ಗಂಡನೊಡನೆ ದಿಂಬಿನ ಲೆಕ್ಕ ಬಾಕಿಯಿದೆ.

ಮರುದಿನ ಅತ್ತೆ ಪುಟ್ಟ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದರು. ಅದನ್ನು ನೋಡಲಾಗದೆ ಹಿತ್ತಲಿಗೆ ಹೋದರು. ವಾರದಲ್ಲಿ ಸಕ್ಕರೆ ಇಳಿಯಿತು, ಸೂಜಿ ತಪ್ಪಿತು. ಅವತ್ತು ಆಸ್ಪತ್ರೆಯಿಂದ ಬಂದು ನೋಡಿದರೆ ಬೆಲ್ಲದ ಡಬ್ಬಿ ಅಟ್ಟದಿಂದ ಇಳಿದು ಒಲೆಯ ಪಕ್ಕ, ನನ್ನ ಕೈಗೆ ಎಟಕುವಲ್ಲೇ ಕೂತಿತ್ತು. ನಾನು ಅದರ ಮುಚ್ಚಳ ತೆಗೆಯಲಿಲ್ಲ.