ಬುಧವಾರದ ಮೇಜು

ಯಾವ ಊರಿನ ಪುರಸಭೆ ಎಂದು ಕೇಳಬೇಡಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಕೂಗುತ್ತ ಹೋಗುವ ಬಸ್ಸುಗಳು ಅದರ ಮುಂದೆಯೇ ಹಾದು ಹೋಗುತ್ತವೆ ಎಂಬಷ್ಟು ತಿಳಿದಿರಲಿ, ಸಾಕು. ಹೆಸರು ಹೇಳಿಬಿಟ್ಟರೆ ಆ ಒಂದು ಕಚೇರಿಯ ಮಾನ ಹೋಗಿ ಉಳಿದ ಕಚೇರಿಗಳೆಲ್ಲ ಮೀಸೆ ತಿರುವುತ್ತವೆ. ಅಂಥ ಅನ್ಯಾಯ ಯಾರಿಗೂ ಆಗುವುದು ಬೇಡ.

ಆ ಕಚೇರಿಗೆ ದ್ಯಾವಪ್ಪ ಜವಾನನಾಗಿ ಸೇರಿದ್ದು ೧೯೮೧ರಲ್ಲಿ. ವಳಕಮದಿನ್ನಿಯವನು. ಅಪ್ಪ ಕಂಡವರ ಗದ್ದೆಗೆ ನೀರು ಕಟ್ಟುತ್ತಿದ್ದ. ಮಗ ಎಂಟನೇ ಇಯತ್ತೆ ಪಾಸಾಗಿ ಖಾಕಿ ಅಂಗಿ ತೊಟ್ಟ ದಿನ ಕೇರಿಗೆ ಕೇರಿಯೇ ಹಿಗ್ಗಿತು. ನಮ್ಮವನೊಬ್ಬ ಸರಕಾರದ ಒಳಗೆ ಹೋದ ಎಂದುಕೊಂಡರು. ಒಳಗೆ ಹೋದವನಿಗೆ ಸರಕಾರ ಕೊಟ್ಟ ಕೆಲಸವೆಂದರೆ ನಡೆಯುವುದು.

ಕಚೇರಿ ಎರಡು ತುಂಡಾಗಿತ್ತು. ನಿಜಾಮರ ಕಾಲದ ಕಲ್ಲಿನ ಕಟ್ಟಡ ಒಂದು, ಅಂಗಳದಾಚೆ ತಗಡು ಹೊದಿಸಿದ ಕೋಣೆಗಳ ಸಾಲು ಇನ್ನೊಂದು. ಮನೆ ಕಟ್ಟಲು ಪರವಾನಗಿ ಬೇಕೆಂದವನ ಅರ್ಜಿ ಇವೆರಡರ ನಡುವೆ ಏಳು ಮೇಜು ಹತ್ತಿ ಇಳಿಯಬೇಕಿತ್ತು. ನಂಬರು ಹಾಕುವವರು ಕಲ್ಲಿನಲ್ಲಿ, ತೆರಿಗೆ ಬಾಕಿ ನೋಡುವವರು ತಗಡಿನಲ್ಲಿ, ಗುಮಾಸ್ತರು ಮತ್ತೆ ಕಲ್ಲಿನಲ್ಲಿ, ಜಾಗ ನೋಡುವ ಓವರ್ಸಿಯರ್ ಮತ್ತೆ ತಗಡಿನಲ್ಲಿ. ಒಬ್ಬೊಬ್ಬರೂ ಒಂದೊಂದು ಸಾಲು ಬರೆದು ಸಹಿ ಹಾಕುತ್ತಿದ್ದರು. ಆ ಸಾಲುಗಳ ಅರ್ಥವನ್ನೆಲ್ಲ ಹಿಂಡಿದರೆ ಬರುವುದು ಇಷ್ಟೇ: ನಾನು ನೋಡಿದ್ದೇನೆ, ಇನ್ನು ನೀವು ನೋಡಿ. ಹೀಗೆ ನೋಡುತ್ತ, ಕೊರತೆ ಕಂಡರೆ ಹಿಂದಿನ ಮೇಜಿಗೇ ಮರಳಿಸುತ್ತ, ಮುಗಿಯಲು ಎಂಟು ತಿಂಗಳು ಹಿಡಿಯುತ್ತಿತ್ತು.

ಬೇಗ ಮುಗಿಸುವ ದಾರಿಯೂ ಇತ್ತು, ಅದನ್ನು ಬರೆದಿಟ್ಟಿರಲಿಲ್ಲ ಅಷ್ಟೇ. ಫೈಲಿನ ಕೆಂಪು ಲಾಡಿಯ ಗಂಟು ಮೇಲೆ ಕಾಣುವಂತಿದ್ದರೆ ಹಿಂದಿನ ಮೇಜಿನವರಿಗೆ ಮುಟ್ಟುವುದು ಮುಟ್ಟಿದೆ ಎಂದು ತಿಳಿಯಬೇಕು. ಗಂಟು ಅಡಿಗಿದ್ದರೆ ಆ ಫೈಲು ರಾಶಿಯ ಅಡಿಗೇ. ದ್ಯಾವಪ್ಪನಿಗೆ ಈ ಗಂಟಿನ ಭಾಷೆ ಮೊದಲ ವರ್ಷದಲ್ಲೇ ತಿಳಿಯಿತು. ಕಾಲುವೆಯ ನೀರು ಬಂದು, ಭತ್ತ ಬಂದು, ರೈಸ್ ಮಿಲ್ಲುಗಳು ಎದ್ದು, ಊರಿಗೆ ಊರೇ ಇಟ್ಟಿಗೆ ಸಿಮೆಂಟಿನ ಹುಚ್ಚು ಹಿಡಿದು ಕುಣಿಯುತ್ತಿದ್ದ ಕಾಲ ಅದು. ಮಿಲ್ಲಿನವರ ಗಂಟು ಯಾವಾಗಲೂ ಮೇಲೆ. ಕೇರಿಯವರು ಮಾತ್ರ ಚಪ್ಪಲಿ ಹೊರಗೆ ಬಿಟ್ಟು, ಬಿಸಿಲಿಗೆ ಕಾದ ಅಂಗಳದಲ್ಲಿ ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ನಿಲ್ಲುತ್ತಿದ್ದರು. ದ್ಯಾವಪ್ಪ ಹಾದು ಹೋದರೆ ಅವನಿಗೂ ಕೈ ಮುಗಿಯುತ್ತಿದ್ದರು. ಅದನ್ನು ಕಂಡರೆ ಅವನಿಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ಅವನ ಆಸೆ ದೊಡ್ಡದೇನಲ್ಲ. ಇಲ್ಲಿಗೆ ಬಂದವರು ಯಾರ ಕಾಲೂ ಹಿಡಿಯದೆ ತಮ್ಮ ಕಾಗದ ತಗೊಂಡು ಹೋಗಬೇಕು. ಹಾಗೆ ಮಾಡಿಸಿದವನು ದ್ಯಾವಪ್ಪ ಎಂದು ಜನರ ಬಾಯಲ್ಲಿ ಒಂದು ಮಾತು ಉಳಿಯಬೇಕು. ಇಷ್ಟನ್ನು ಬಯಸಿದ್ದಕ್ಕೇ ಅವನು ತೆತ್ತದ್ದು ಸಾಕಷ್ಟು.

೧೯೮೮ರಲ್ಲಿ ಹೊಸ ಮುಖ್ಯಾಧಿಕಾರಿ ಬಂದರು. ಮೈಸೂರು ಕಡೆಯವರು, ಸಣಕಲು ಮನುಷ್ಯ, ಸಿಟ್ಟು ಬಂದರೆ ಇನ್ನೂ ಮೆಲ್ಲಗೆ ಮಾತಾಡುವವರು. ಒಂದು ಪರವಾನಗಿಗೆ ಎಂಟು ತಿಂಗಳು ಯಾಕೆ ಬೇಕು ಎಂದು ಅವರು ಎಲ್ಲರನ್ನೂ ಕೇಳಿದರು. ಹೆಡ್ ಗುಮಾಸ್ತ ಬಸ್ಸಪ್ಪ ನಿಯಮದ ಪುಸ್ತಕ ತೆಗೆದಿಟ್ಟ, ಓವರ್ಸಿಯರ್ ತನ್ನ ಸೈಕಲ್ಲಿನ ಪಂಕ್ಚರಿನ ಕಥೆ ಹೇಳಿದ. ಕಡೆಗೆ ಸಾಹೇಬರು ಚಹಾದ ಲೋಟ ಇಡಲು ಬಂದ ದ್ಯಾವಪ್ಪನನ್ನು ಕೇಳಿದರು.

"ಸಾಹೇಬ್ರ, ಒಂದು ಫೈಲು ನಲವತ್ತೊಂದು ಸಲ ಅಂಗಳ ದಾಟತೈತ್ರಿ," ಎಂದ ದ್ಯಾವಪ್ಪ.

"ನಿನಗೆ ಹೇಗೆ ಗೊತ್ತು?"

"ಬಾಗಲ ಹಿಂದ ಸೀಮೆಸುಣ್ಣದಾಗ ಗೀಟು ಹಾಕೀನ್ರಿ. ಒಂದ ಫೈಲಿಂದು, ಮೊದಲಿಂದ ಕಡೀತನಕ."

ಸಾಹೇಬರು ಎದ್ದು ಬಂದು ಬಾಗಿಲ ಹಿಂದಿನ ಗೀಟುಗಳನ್ನು ಎಣಿಸಿದರು. ಆಮೇಲೆ, "ಹಾಗಾದರೆ ಏನು ಮಾಡಬೇಕು?" ಎಂದರು. ಏಳು ವರ್ಷದಲ್ಲಿ ಆ ಕಚೇರಿಯಲ್ಲಿ ದ್ಯಾವಪ್ಪನಿಗೆ ಇದನ್ನು ಮಾಡು, ಅದನ್ನು ಮಾಡು ಎಂದವರಿದ್ದರು. ಏನು ಮಾಡಬೇಕು ಎಂದು ಕೇಳಿದವರು ಇವರೊಬ್ಬರೇ.

"ಎಲ್ಲಾರನೂ ಒಂದ ಮೇಜಿಗಿ ಕುಂದ್ರಸ್ರಿ ಸಾಹೇಬ್ರ. ವಾರಕ್ಕ ಒಂದ ದಿನ. ಫೈಲು ಕೈಯಿಂದ ಕೈಗೆ ಹೋಗ್ಲಿ. ಅರ್ಜಿ ಕೊಟ್ಟಾವ್ನೂ ಎದುರಿಗೆ ಬೆಂಚಿನ ಮ್ಯಾಲ ಕುಂತು ನೋಡ್ಲಿ."

ಹಾಗೇ ಆಯಿತು. ಸಭೆ ನಡೆಸುವ ಉದ್ದನೆಯ ತೇಗದ ಮೇಜನ್ನು ಕಲ್ಲಿನ ಕಟ್ಟಡದ ಪಡಸಾಲೆಗೆ ತಂದು ಹಾಕಿದರು. ಸೋಮವಾರ ಮಂಗಳವಾರ ಓವರ್ಸಿಯರ್ ಜಾಗ ನೋಡಿ ಬರಬೇಕು, ಬುಧವಾರ ಏಳೂ ಜನ ಮೇಜಿಗೆ ಬರಬೇಕು. ಅರ್ಜಿದಾರರ ಹೆಸರು ಕೂಗುವ ಕೆಲಸ ದ್ಯಾವಪ್ಪನದು. ಮೊದಲ ಬುಧವಾರ ಬಳೆ ಮಾರುವ ಶಂಶಾದ್‌ಬೀಗೆ ಒಂದೇ ಹೊತ್ತಿನಲ್ಲಿ ಪರವಾನಗಿ ಸಿಕ್ಕಿತು. ಆಕೆ ಮರುದಿನ ಬಂದು, "ಅದು ಖರೇನ ಪರವಾನಗಿ ಏನಪ್ಪಾ? ಇಲ್ಲಾ ಇನ್ನೊಂದು ಕೊಡ್ತಾರೋ?" ಎಂದು ಕೇಳಿ ಹೋದಳು.

ಎರಡು ವರ್ಷ ಆ ಮೇಜು ನಡೆಯಿತು. ಲಿಂಗಸುಗೂರಿನಿಂದ ಯಾರೋ ಅಧಿಕಾರಿಗಳು ಬಂದು ನೋಡಿಕೊಂಡು ಹೋದರು. ಮೆಚ್ಚುಗೆಯ ಪತ್ರ ಬಂತು, ಅದರಲ್ಲಿ ಸಾಹೇಬರ ಹೆಸರಿತ್ತು. ಸಾಹೇಬರು ಅದನ್ನು ಎಲ್ಲರೆದುರು ಓದಿ, "ಇದು ದ್ಯಾವಪ್ಪನ ತಲೆಯಲ್ಲಿ ಹುಟ್ಟಿದ್ದು," ಎಂದರು. ಮಸ್ಕಿಯ ತವರಿಗೆ ಹೋದಾಗಲೆಲ್ಲ ಅವನ ಹೆಂಡತಿ ಯಮನಮ್ಮ ಈ ಮಾತನ್ನು ಹೇಳಿ ಹೇಳಿ, ಕಡೆಕಡೆಗೆ ಅವಳ ಅಣ್ಣಂದಿರು ಅವಳು ಬಾಯಿ ತೆರೆಯುತ್ತಲೇ ಎದ್ದು ಹೋಗುತ್ತಿದ್ದರು. ದ್ಯಾವಪ್ಪ ಬುಧವಾರ ಬೆಳಿಗ್ಗೆ ಆರಕ್ಕೇ ಬಂದು ಮೇಜಿಗೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದ. ಅವನ ಜೀವನದಲ್ಲಿ ಸುಖ ಎಂದು ಹೇಳಿಕೊಳ್ಳುವ ಕಾಲ ಯಾವುದಾದರೂ ಇದ್ದರೆ ಅದೇ.

ಆದರೆ ಅವನ ಲೆಕ್ಕದಲ್ಲಿ ಒಂದು ತಪ್ಪಿತ್ತು, ಜವಾನನೊಬ್ಬನೇ ಮಾಡಬಹುದಾದ ತಪ್ಪು. ಅಂಗಳ ದಾಟಿ ದಾಟಿ ಕಾಲು ಸೋತವನಿಗೆ ಅಂಗಳವೇ ರೋಗ ಎಂದು ಕಂಡಿತ್ತು. ದಾರಿ ಕಡಿಮೆ ಮಾಡಿದರೆ ರೋಗ ಹೋಗುತ್ತದೆ ಎಂದು ನಂಬಿದ. ಮೇಜಿಗೆ ಕೂತವರ ಕಡೆ ಅವನು ನೋಡಲೇ ಇಲ್ಲ. ಸಾಹೇಬರು ಮೇಜಿನ ತುದಿಗೆ ತಾವೇ ಕೂತಿದ್ದರಿಂದ ಅವರೆಲ್ಲ ಸುಮ್ಮನಿದ್ದಾರೆ ಎಂಬುದು ಅವನಿಗೆ ಹೊಳೆಯಲಿಲ್ಲ.

೧೯೯೦ರಲ್ಲಿ ಸಾಹೇಬರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಸಹಿ ಎಲ್ಲಿ ಎಂದು ಕೇಳಿ ಅಲ್ಲಿ ಸಹಿ ಹಾಕುವ ಮನುಷ್ಯ. ಇನ್ನು ಮೇಜನ್ನು ಎತ್ತಿ ಹಾಕುತ್ತಾರೆ ಎಂದು ದ್ಯಾವಪ್ಪ ಎದೆ ಗಟ್ಟಿ ಮಾಡಿಕೊಂಡೇ ಬಂದಿದ್ದ. ಬಸ್ಸಪ್ಪ ನಕ್ಕು, "ಯಾಕಲೇ ತೆಗೀಬೇಕು? ಮೇಜು ಚೊಲೊ ಐತಿ, ಇರ್ಲಿ," ಎಂದ. ದ್ಯಾವಪ್ಪನಿಗೆ ಖುಷಿಯಾಯಿತು. ಆವತ್ತು ಬಸ್ಸಪ್ಪನ ಮೇಲೆ ತಾನು ಇಷ್ಟು ದಿನ ಸುಮ್ಮನೆ ಅನುಮಾನಪಟ್ಟೆ ಎಂದುಕೊಂಡ. ಪಾಪ, ಅಮಾಯಕ.

ಆಮೇಲಿನ ಬುಧವಾರ ಓವರ್ಸಿಯರ್ ಬರಲಿಲ್ಲ. ಅದರ ಮುಂದಿನ ಬುಧವಾರ ತೆರಿಗೆಯವರ ಪುಸ್ತಕ ಸಿಗಲಿಲ್ಲ. ಮೂರನೆಯ ಬುಧವಾರ ಬಸ್ಸಪ್ಪ ದ್ಯಾವಪ್ಪನನ್ನು ಕಚೇರಿಯ ಎದುರಿನ ಹಸನ್‌ಸಾಬನ ಚಹಾದಂಗಡಿಗೆ ಕರೆದೊಯ್ದು, ಎಂದೂ ಇಲ್ಲದವನು ತಾನೇ ಒಂದು ಚಹಾ ಕೊಡಿಸಿದ.

"ನೋಡು ದ್ಯಾವಪ್ಪ, ಮೊದಲು ಏಳು ಮಂದಿ, ಏಳು ರೇಟು. ಅಂವಗ ಹೆಚ್ಚು ಇಂವಗ ಕಡಿಮಿ ಅಂತ ನಮ್ಮ ನಮ್ಮೊಳಗ ತಕರಾರು. ಈಗ ನೀ ಮಾಡಿಸಿದ ಮೇಜು ಐತಲ್ಲ, ಎಲ್ಲಾರೂ ಎದುರಾಎದುರಿಗೆ. ಒಂದ ರೇಟು. ಸಂಜಿಕ ಹಂಚಿಕೊಂಡ್ರ ಮುಗೀತು. ಮಂದಿಗೂ ಸಸಾರ, ನಮಗೂ ಸಸಾರ."

"ನನಗ್ಯಾಕ ಹೇಳಾಕತ್ತೀರಿ ಇದನ್ನ?"

"ಇಸ್ಕೊಳ್ಳಾವ ಒಬ್ಬ ಬೇಕಲ್ಲೋ. ನಮ್ಮನ್ನ ಕಂಡ್ರ ಮಂದಿ ಹಿಂದ ಮುಂದ ನೋಡ್ತಾರ. ನಿನ್ನ ನಂಬ್ಯಾರ. ನೀ ಇಸ್ಕೊಂಡವರ ಹೆಸರು ಕೂಗು, ನಾವು ಸಹಿ ಹಾಕ್ತೀವಿ."

ದ್ಯಾವಪ್ಪ ಚಹಾ ಮುಟ್ಟದೆ ಎದ್ದು ಬಂದ. ಮುಂದೆ ಐದು ಬುಧವಾರ ಒಂದೂ ಪರವಾನಗಿ ಹೊರಬೀಳಲಿಲ್ಲ. ಏಳೂ ಜನ ಹೊತ್ತಿಗೆ ಸರಿಯಾಗಿ ಬಂದು ಮೇಜಿಗೆ ಕೂರುತ್ತಿದ್ದರು, ದ್ಯಾವಪ್ಪ ಕೂಗಿದ ಪ್ರತಿ ಫೈಲಿನಲ್ಲೂ ಏನಾದರೊಂದು ಕೊರತೆ ತೆಗೆದು ಹಿಂದಕ್ಕೆ ಕೊಡುತ್ತಿದ್ದರು. ಎದುರು ಬೆಂಚಿನವರಿಗೆ ಕಾಣುತ್ತಿದ್ದದ್ದು ಹೆಸರು ಕೂಗುವ ದ್ಯಾವಪ್ಪ ಮಾತ್ರ. ಮುಕ್ಕುಂದದಿಂದ ಬಂದು ಊರಲ್ಲಿ ಗೋಡೆ ಎಬ್ಬಿಸಿದ್ದ ದುರುಗಪ್ಪ ಎಂಬವನು ಅವನ ಕೊರಳಪಟ್ಟಿ ಹಿಡಿದ. "ಅರ್ಧ ಗ್ವಾಡಿ ನಿಂತೈತಿ, ಮಳಿ ಬಂದ್ರ ಬೀಳತೈತಿ. ನೀನ ಅಡ್ಡ ನಿಂತೀಯಂತ? ಏನ ಕೊಡಬೇಕು ಬೊಗಳಲೇ!"

ಮಳೆ ಬಂತು. ಗೋಡೆ ಬಿತ್ತು. ಅದರ ಮುಂದಿನ ವಾರದಿಂದ ದ್ಯಾವಪ್ಪ ಇಸಿದುಕೊಳ್ಳತೊಡಗಿದ.

ತನ್ನ ಪಾಲು ಎಂದು ಅವನು ಎಂದೂ ಒಂದು ಪೈಸೆ ಮುಟ್ಟಲಿಲ್ಲ. ಆ ಪಾಲನ್ನೂ ಬಸ್ಸಪ್ಪನೇ ನುಂಗಿದ, ಅದಕ್ಕೆ ಬದಲಾಗಿ ದ್ಯಾವಪ್ಪ ಬಹಳ ಪ್ರಾಮಾಣಿಕ ಎಂದು ಹೊಗಳಿದ. ಮನೆಯಲ್ಲಿ ಯಮನಮ್ಮ ನೇರವಾಗಿ ಕೇಳಿದಳು.

"ನೀ ತಗೊಂತಿಯೇನು?"

"ಇಲ್ಲ."

"ತಗೊಳ್ಳಲಾರದಾವ ಹೊತ್ತುಕೊಂಡು ಯಾಕ ತಿರಗ್ತಿ? ತಗೊಂಡಾವರ ಹೊಟ್ಟಿಯರ ತುಂಬತೈತಿ."

ಅದಾದ ಮೇಲೆ ಅವಳು ತವರಿನಲ್ಲಿ ಮೇಜಿನ ಮಾತು ತೆಗೆಯಲಿಲ್ಲ. ಗಂಡನ ಮುಂದೆಯೂ ತೆಗೆಯಲಿಲ್ಲ.

ದ್ಯಾವಪ್ಪ ಸುಮ್ಮನೆ ಕೂತಿದ್ದನೆಂದು ಯಾರೂ ಹೇಳುವಂತಿಲ್ಲ. ೧೯೯೨ರಲ್ಲಿ ಒಂದು ದಿನ ರಜೆ ಹಾಕಿ, ಹೆಡ್ ಮಾಸ್ತರೊಬ್ಬರಿಂದ ಈ ವಸೂಲಿಯ ಬಗ್ಗೆ ಎರಡು ಹಾಳೆ ದೂರಿನ ಅರ್ಜಿ ಬರೆಸಿ, ಬಸ್ಸು ಹತ್ತಿ ಹೋಗಿ ಮೇಲಿನ ಕಚೇರಿಗೆ ಕೊಟ್ಟು ಬಂದ. ತನ್ನ ಹೆಸರು ಹಾಕಿಯೇ ಕೊಟ್ಟ, ಅಂಥ ಧೈರ್ಯಸ್ಥ. ಹದಿನೆಂಟು ದಿನಕ್ಕೆ ಉತ್ತರ ಬಂತು. ಟಪಾಲಿನ ಚೀಲ ಬಿಚ್ಚಿದವನು ಅವನೇ. ತಾನು ಕೊಟ್ಟ ಎರಡು ಹಾಳೆಯ ಮೇಲೆ ಒಂದು ಸಣ್ಣ ಚೀಟಿ ಅಂಟಿಸಿದ್ದರು. ಇದರ ಬಗ್ಗೆ ಹೆಡ್ ಗುಮಾಸ್ತರು ವರದಿ ಸಲ್ಲಿಸತಕ್ಕದ್ದು ಎಂದಿತ್ತು. ಅದನ್ನು ಹೊತ್ತು ಅಂಗಳ ದಾಟಿ ಬಸ್ಸಪ್ಪನ ಮೇಜಿನ ಮೇಲೆ ಇಡುವ ಕೆಲಸವೂ ದ್ಯಾವಪ್ಪನದೇ. ಇಟ್ಟ. ಬಸ್ಸಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ, ಸಿಟ್ಟಾಗಲಿಲ್ಲ.

"ಅಕ್ಷರ ಚೊಲೊ ಅದಾವು," ಎಂದ. "ಯಾರ ಕಡಿಂದ ಬರಿಸಿದಿ?"

ಆ ದಿನದಿಂದ ದ್ಯಾವಪ್ಪನಲ್ಲಿ ಏನೋ ಒಂದು ಮುರಿದುಹೋಯಿತು. ಮೇಜನ್ನು ಉಜ್ಜುವುದು ಬಿಟ್ಟ. ಕೂಗುವ ದನಿ ಕುಗ್ಗಿತು. ಆದರೂ ಅವನೊಳಗೆ ಒಂದು ಹಟ ಉಳಿದಿತ್ತು. ಇದು ಅನ್ಯಾಯವೆಂದು ಊರಿಗೆ ಗೊತ್ತಿದೆ, ಜನ ನನ್ನನ್ನು ಬೈಯುತ್ತಾರೆ, ಬೈಯಲಿ. ಬೈಗುಳ ಇರುವವರೆಗೆ ಇದು ತಪ್ಪೆಂಬುದಾದರೂ ನೆನಪಿರುತ್ತದೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಮನುಷ್ಯ ಎಂಥೆಂಥದನ್ನು ಹಿಡಿದು ಜೀವ ಉಳಿಸಿಕೊಳ್ಳುತ್ತಾನೆ ನೋಡಿ.

೧೯೯೪ರ ಒಂದು ಬುಧವಾರ ಗದ್ದೆಮ್ಮ ಬಂದಳು. ಅವನ ಊರಿನವಳೇ, ಅವನ ಕೇರಿಯವಳೇ. ಗಂಡ ಸತ್ತ ಮೇಲೆ ಪಟ್ಟಣಕ್ಕೆ ಬಂದು ಭತ್ತದ ನಾಟಿಯ ಕೂಲಿ ಮಾಡುತ್ತಿದ್ದಳು. ಸರಕಾರ ಕೊಟ್ಟ ಜಾಗದಲ್ಲಿ ಒಂದು ಕೋಣೆ ಏರಿಸಬೇಕಿತ್ತು. ದ್ಯಾವಪ್ಪನನ್ನು ಕಂಡು ಮುಖ ಅರಳಿಸಿ, ಕಂಬದ ಮರೆಗೆ ಕರೆದು ಸೆರಗಿನ ಗಂಟು ಬಿಚ್ಚಿದಳು.

"ತಗೋ ಯಣ್ಣಾ. ರೇಟು ಕೇಳಿಕೊಂಡ ಬಂದೀನಿ."

ದ್ಯಾವಪ್ಪ ಕೈ ಚಾಚಲಿಲ್ಲ. ನಾಟಿಯ ಕೆಸರಿನಲ್ಲಿ ಬಿರಿದ ಅವಳ ಬೆರಳುಗಳನ್ನೇ ನೋಡಿದ.

"ನಮ್ಮತ್ತಿ ಪರವಾನಗಿ ಪರವಾನಗಿ ಅಂತ ಒಂದು ವರ್ಷ ತಿರುಗ್ಯಾಳ ಇಲ್ಲಿ," ಎಂದಳು ಗದ್ದೆಮ್ಮ. "ಏಳು ಮಂದಿ ಕಾಲ ಹಿಡದಾಳ. ಈಗ ನೋಡು, ಒಬ್ಬರ ಕೈಯಾಗ ಕೊಟ್ರ ಆತು, ಯಾರ ಕಾಲೂ ಹಿಡಿಯಂಗಿಲ್ಲ. ಇದನ್ನ ಮಾಡಿಸಿದಾವ ನೀನಂತಲ್ಲ. ಕೇರ್ಯಾಗ ಎಲ್ರೂ ನಿನ್ನ ಹೆಸರು ಹೇಳ್ತಾರ. ನಿನ್ನ ಹೊಟ್ಟಿ ತಣ್ಣಗಿರ್ಲಿ ಯಣ್ಣಾ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳ ಕೈ ಹಿಂದಕ್ಕೆ ಸರಿಸಿ, "ಕೊಡಬ್ಯಾಡ ತಂಗಿ. ಇದನ್ನ ನೀ ಕೊಡಬಾರದು. ಹಿಂದಕ್ಕ ಕಟ್ಟಿಕೋ," ಎಂದ.

ಗದ್ದೆಮ್ಮನ ಮುಖ ಕಳೆಗುಂದಿತು. ಒಮ್ಮೆ ಮೇಜಿನ ಕಡೆಗೆ, ಒಮ್ಮೆ ಅವನ ಕಡೆಗೆ ಹೆದರಿ ನೋಡಿದಳು. ಆಮೇಲೆ ಗಡಿಬಿಡಿಯಿಂದ ಕುಪ್ಪಸದೊಳಗೆ ಕೈ ಹಾಕಿ, ಬೆವರಿಗೆ ತೊಯ್ದು ಮುದುಡಿದ ಇನ್ನೊಂದು ನೋಟು ತೆಗೆದು ಮೊದಲಿನದರ ಮೇಲಿಟ್ಟಳು.

"ಯಾಕಣ್ಣಾ," ಎಂದಳು, "ಕಡಿಮಿ ಆತೇನು?"

ಒಳಗಿನಿಂದ ಬಸ್ಸಪ್ಪ ಮುಂದಿನ ಹೆಸರು ಯಾವುದೆಂದು ಕೇಳಿದ. ದ್ಯಾವಪ್ಪ ಆ ಇನ್ನೊಂದು ನೋಟನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಉಳಿದದ್ದನ್ನು ಜೇಬಿಗೆ ಹಾಕಿಕೊಂಡು, ಮೇಜಿನ ಬಳಿ ಹೋಗಿ ನಿಂತು, ಗದ್ದೆಮ್ಮನ ಹೆಸರು ಕೂಗಿದ.