ಹದಿನೈದು ದಿನದ ಗಾಳಿ

ನಾನು ಮೊದಲಿನಿಂದಲೂ ಸಿಟ್ಟಿನವಳೇ. ಆದರೆ ಸೇಡು ತೀರಿಸಿಕೊಳ್ಳಲೇಬೇಕೆಂದು ಹಟ ಹಿಡಿದದ್ದು ಒಬ್ಬನ ಮೇಲೆ ಮಾತ್ರ: ನಮ್ಮ ಹಿತ್ತಲಿನಾಚೆ ಬೆಲ್ಲದ ಗಾಣ ಹೂಡಿದವನ ಮೇಲೆ. ಆ ಹಟ ಇನ್ನೂ ಹೋಗಿಲ್ಲ.

ಬೈಲಹೊಂಗಲದಿಂದ ಸಂಗೊಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಗಾಣದವನು ಮೊದಲ ವರ್ಷ ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಹಾಕುತ್ತಿದ್ದ. ಆಮೇಲೆ ಟ್ರ್ಯಾಕ್ಟರುಗಟ್ಟಲೆ ಹಳೇ ಟೈರು, ಚಪ್ಪಲಿಯ ಅಟ್ಟೆ ಬಂದು ಬೀಳತೊಡಗಿದವು. ಹಿತ್ತಲಲ್ಲಿ ಒಣಹಾಕಿದ ಶಾವಿಗೆ ಕಪ್ಪಾಯಿತು, ಅವ್ವನ ಎದೆ ಕಟ್ಟಿತು. ನಾನು ಬೈಲಹೊಂಗಲದ ಒಂದು ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಾಣ ಶುರುವಾದ ವಾರಕ್ಕೆ ದಮ್ಮಿನ ಪಂಪು ಕೇಳಿಕೊಂಡು ಬರುವವರು ನಮ್ಮ ಊರಿನವರೇ. ಇದೇ ಹೊಗೆಯಲ್ಲಿ ಇನ್ನೊಂದು ಚಳಿಗಾಲ ಕಳೆದರೆ ಅವ್ವನ ಪುಪ್ಪುಸ ಮತ್ತೆ ಸುಧಾರಿಸುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು.

ಗಾಣದವನಿಗೆ ಹೋಗಿ ಹೇಳಿದೆ. ಅವನು ಬೆಲ್ಲದ ಕೊಪ್ಪರಿಗೆಯ ಪಕ್ಕದಲ್ಲಿ ನಿಂತು ನಕ್ಕ.

“ಅಕ್ಕಾರ, ಹೊಗಿ ಅಂದ್ರ ಹೊಗಿನ. ನಿಮ್ಮ ಒಲಿಯಾಗಿಂದ ಏನ್ ಊದಿನಕಡ್ಡಿ ವಾಸನಿ ಬರತೈತೇನು?”

ಆ ನಗುವನ್ನು ನಾನು ಕಟ್ಟಿಟ್ಟುಕೊಂಡೆ. ಇವನ ಒಲೆ ತಣ್ಣಗಾಗಬೇಕು, ಇವನು ಮಾಲಿನ್ಯ ನಿಯಂತ್ರಣ ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲಬೇಕು, ನಾನು ಅದನ್ನು ನೋಡುತ್ತ ಚಹಾ ಕುಡಿಯಬೇಕು. ಬಸ್ಸಿನಲ್ಲಿ ಹೋಗುವಾಗ, ಬರುವಾಗ ಇದನ್ನೇ ಕಣ್ಣಮುಂದೆ ತಂದುಕೊಳ್ಳುತ್ತಿದ್ದೆ. ಆದರೆ ನಾನು ಅರ್ಜಿ ಕೊಟ್ಟಾಗ ಆ ಕಚೇರಿಯವರು, ಅಳತೆ ಇಲ್ಲದೆ ಏನೂ ಮಾಡಲಾಗದು ಅಂದರು. ಕೆಮ್ಮು ಅಳತೆಯಲ್ಲವಂತೆ.

ಅಷ್ಟರಲ್ಲಿ ಗಾಳಿಯ ಸಣ್ಣ ಧೂಳು ಅಳೆಯುವ ಹೆಣ್ಣುಮಗಳೊಬ್ಬಳು ಊರಿಗೆ ಬಂದಳು. ದೇಶದ ಜನ ಉಸಿರಿನ ಜೊತೆ ಎಷ್ಟು ಧೂಳು ಒಳಗೆಳೆದುಕೊಳ್ಳುತ್ತಾರೆ ಎಂದು ತಿಳಿಯುವ ಕೆಲಸ ಅವಳದು. ಮೊಬೈಲಿನಲ್ಲಿ ದೇಶದ ನಕಾಶೆ ತೋರಿಸಿದಳು; ದೊಡ್ಡ ಊರುಗಳ ಮೇಲೆಲ್ಲ ಚುಕ್ಕೆಗಳು, ನಮ್ಮ ಕಡೆ ಒಂದೂ ಇಲ್ಲ. ಇಲ್ಲಿಯದನ್ನು ದೂರದಿಂದಲೇ ಅಂದಾಜು ಹಾಕುತ್ತಾರಂತೆ.

“ಹಂಗಾದ್ರ ನಾವು ಉಸರಾಡೂದು ಅಂದಾಜಿಗೇನ್ರೀ?” ಅಂದೆ.

“ಅದಕ್ಕ ಬಂದೇನ್ರಿ” ಅಂದಳು.

ಬೇಡಿಕೊಂಡು ಯಂತ್ರವನ್ನು ನಮ್ಮ ಮನೆಯ ಮೇಲೇ ಇಡಿಸಿದೆ. ಊಟದ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ, ಒಳಗೊಂದು ಪುಟ್ಟ ಫ್ಯಾನು. ಅದು ಗಾಳಿ ಎಳೆದುಕೊಂಡು ಧೂಳು ಅಳೆದು ತಾನೇ ಕಳಿಸುತ್ತದೆ. ಹದಿನೈದು ದಿನ ಇರುತ್ತದೆ ಅಂದಳು. ನಾನು ಮುಟ್ಟಿ ಏನೋ ಮಾಡಿದೆನೆಂದು ಗಾಣದವನು ತಗಾದೆ ತೆಗೆಯಬಾರದೆಂದು ಆ ಹದಿನೈದು ದಿನ ಮಾಳಿಗೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಅವ್ವನಿಗೆ ಮಾತ್ರ ಹೇಳಿದ್ದೆ: “ಅದರ ಮ್ಯಾಲ ನಮ್ಮ ಜೀವ ಐತಿ. ಜ್ವಾಕಿ.”

ಗಾಣದ ಒಲೆ ಎಂದಿನಂತೆ ಉರಿಯಿತು. ಉರಿಸು ಮಗನೇ, ಇನ್ನಷ್ಟು ಉರಿಸು ಎಂದು ನಾನು ಕಿಟಕಿಯಲ್ಲಿ ನಿಂತು ಹಲ್ಲು ಕಚ್ಚಿ ಹೇಳಿಕೊಂಡೆ. ಒಂದೊಂದು ಟೈರು ಬಿದ್ದಾಗಲೂ ನನಗೆ ಖುಷಿ. ಒಳಗೆ ಅವ್ವ ಕೆಮ್ಮುತ್ತಿದ್ದಳು. ಆ ಕೆಮ್ಮಿಗೂ ನಾನು ಒಂಥರಾ ಖುಷಿಪಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ತಿಂಗಳೊಪ್ಪತ್ತಿಗೆ ವರದಿ ಬಂತು. ನಮ್ಮ ಗಾಳಿ ಚೊಕ್ಕ ಇದೆ. ನಕಾಶೆಯಲ್ಲಿ ನಮ್ಮ ಊರಿನ ಮೇಲೆ ಹಸಿರು ಚುಕ್ಕೆ ಬಿದ್ದಿತ್ತು. ಕಚೇರಿಯವರು ನನ್ನ ಅರ್ಜಿ ಮುಗಿಸಿ ಕೈ ತೊಳೆದುಕೊಂಡರು. ಮರುದಿನ ಗಾಣದವನು ತಾನೇ ಬಂದು ಒಂದು ಪೆಂಟಿ ಬೆಲ್ಲ ಕಟ್ಟೆಯ ಮೇಲಿಟ್ಟ. “ಕಾಕೂ, ನಿಮ್ಮ ಮನಿ ಗಾಳಿ ಭಾರಿ ಚಲೋ ಐತಂತ. ಬಾಯಿ ಸಿಹಿ ಮಾಡ್ಕೋರಿ” ಎಂದು ಅವ್ವನಿಗೆ ಹೇಳಿ, ನನ್ನ ಕಡೆ ನೋಡಿ ನಕ್ಕು ಹೋದ. ಆ ಬೆಲ್ಲವನ್ನು ಗಟಾರಕ್ಕೆ ಎಸೆದೆ.

ಅದೇ ವಾರ ಅವ್ವ ಹಿತ್ತಲಲ್ಲಿ ಒಂದು ಸಣ್ಣ ಕೌದಿಯನ್ನು ಕಲ್ಲಿಗೆ ಹಾಕಿ ತಿಕ್ಕುತ್ತಿದ್ದಳು. ಹಳೇ ಸೀರೆಯ ತುಂಡುಗಳನ್ನು ನಾಲ್ಕು ಪದರ ಕೂಡಿಸಿ ಹೊಲಿದದ್ದು. ನಡುವೆ ಅಂಗೈಯಗಲದ ದುಂಡನೆಯ ಕಪ್ಪು ಕಲೆ.

“ಎಷ್ಟ್ ತಿಕ್ಕಿದ್ರೂ ಹೋಗವಲ್ದು ನೋಡು” ಅಂದಳು.

“ಇದೇನಿದು?”

“ನಿನ್ನ ಮಷೀನಿಗೆ ಹೊಚ್ಚಿದ್ದೆ. ಬರೇ ಬೂದಿ ಬೀಳತಿತ್ತು. ಕೆಟ್ಟುಗಿಟ್ಟೀತು ಅಂತ ಮೊದಲನೇ ದಿನಾನ ಹೊಚ್ಚಿ ಬಂದೆ. ಅಕಿ ಒಯ್ಯಾಕ ಬರೂದ್ರಾಗ ತಗದಿಟ್ಟೆ.”

ನಮ್ಮ ಮನೆಯಲ್ಲಿ ಟೀವಿಗೆ, ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ ಎಲ್ಲಕ್ಕೂ ಅವ್ವ ಹೊಲಿದ ಹೊದಿಕೆ ಇದೆ. ಹೊಸದು ಏನೇ ಬಂದರೂ ಮೊದಲು ಅದಕ್ಕೊಂದು ಹೊದಿಕೆ. ಇದು ನನಗೆ ಹೊಳೆಯಬೇಕಿತ್ತು. ಕಲೆ ಬಿದ್ದದ್ದು ಫ್ಯಾನು ಗಾಳಿ ಎಳೆಯುವ ಜಾಗದಲ್ಲಿ. ಹೊಗೆಯೆಲ್ಲ ಕೌದಿಗೆ ಹತ್ತಿತ್ತು, ಯಂತ್ರಕ್ಕೆ ಮುಟ್ಟಿರಲಿಲ್ಲ. ಅಳೆದವಳಿಗೆ ಫೋನು ಮಾಡಿದೆ. ಪಾಪ, ಬಹಳ ನೊಂದುಕೊಂಡಳು. ಯಂತ್ರ ಆಗಲೇ ರಾಮದುರ್ಗದಲ್ಲಿತ್ತು, ಅಲ್ಲಿಂದ ಸವದತ್ತಿಗೆ. ನಮ್ಮ ಸರದಿ ಮತ್ತೆ ಯಾವಾಗಲೋ.

ಫೋನಿಟ್ಟು ಬಂದವಳು ಗಾಣದವನ ಮೇಲಿನ ವಿಷವನ್ನೆಲ್ಲ ಅವ್ವನ ಮೇಲೆ ಕಾರಿದೆ. “ಅಂವನ್ನ ನೀನ ಗೆಲ್ಲಿಸಿದಿ! ಇನ್ನ ಕೆಮ್ಮು, ಜೀವ ಇರೂತನಕ ಕೆಮ್ಮು!”

ಅವ್ವ ಕೌದಿಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. ಮೂರು ಮೆಟ್ಟಿಲಿಗೊಮ್ಮೆ ಕುಳಿತು ದಮ್ಮು ತೆಗೆದುಕೊಳ್ಳುವ ಅವಳು, ನನ್ನ ಒಂದು ಮಾತಿಗಾಗಿ ಮಾಳಿಗೆ ಹತ್ತಿದ್ದಳು ಎಂಬುದು ಆಗ ನನ್ನ ತಲೆಗೆ ಬರಲಿಲ್ಲ.

ಅವತ್ತಿನಿಂದ ಅವ್ವ ನನ್ನೆದುರು ಕೆಮ್ಮುವುದಿಲ್ಲ. ಕೆಮ್ಮು ಬಂದರೆ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಹೋಗುತ್ತಾಳೆ. ಗಾಣ ಉರಿಯುತ್ತಿರುತ್ತದೆ, ಅವಳು ಆ ಹೊಗೆಯಲ್ಲೇ ನಿಂತು ಕೆಮ್ಮಿ ಮುಗಿಸಿ, ಕಣ್ಣೊರೆಸಿಕೊಂಡು ಒಳಗೆ ಬರುತ್ತಾಳೆ.